ಹಠಾತ್ ಹೃದಯಸ್ತಂಭನ: ವ್ಯಾಪಾರೋದ್ಯಮಗಳ ಸಿದ್ಧತೆ ಎಷ್ಟು?

ಗೋದಾಮಿನ ಸರಕಿಗೆ ಬೆಂಕಿ ವಿಮೆ ಇರುತ್ತದೆ. ಯಂತ್ರಗಳಿಗೆ ವಾರ್ಷಿಕ ನಿರ್ವಹಣಾ ಒಪ್ಪಂದವಿರುತ್ತದೆ. ಸರಕು ಸಾಗಣೆ ವಾಹನಕ್ಕೆ ಅರ್ಹತಾ ಪತ್ರವಿಲ್ಲದೆ ರಸ್ತೆಗಿಳಿಯುವಂತಿಲ್ಲ. ಆದರೆ ಈ ಎಲ್ಲವನ್ನೂ ನಡೆಸುವ ಮಾಲೀಕನ ಹೃದಯವಾಗಲಿ, ಅವನೊಡನೆ ದುಡಿಯುವ ಕೆಲಸಗಾರನ ಹೃದಯವಾಗಲಿ ಅಢಾವೆ ಪತ್ರಿಕೆಯ ಯಾವ ಕಡೆಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಮೂವತ್ತು, ನಲವತ್ತರ ಪ್ರಾಯದವರು ಮುನ್ಸೂಚನೆಯಿಲ್ಲದೆ ಕುಸಿದು ಮೃತಪಟ್ಟ ವಾರ್ತೆಗಳು ಇತ್ತೀಚಿನ ವರ್ಷಗಳಲ್ಲಿ ಎಲ್ಲರನ್ನೂ ಕಳವಳಕ್ಕೆ ಈಡುಮಾಡಿವೆ. ಈ ಕಳವಳವು ಬಹುತೇಕ ವದಂತಿಗಳಲ್ಲಿ ಕಳೆದುಹೋಗುತ್ತಿದೆಯೇ ಹೊರತು ಸಿದ್ಧತೆಯಾಗಿ ಮಾರ್ಪಡುತ್ತಿಲ್ಲ. ಹಠಾತ್ ಹೃದಯಸ್ತಂಭನದಲ್ಲಿ ಜೀವ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮೊದಲ ಹತ್ತು ನಿಮಿಷಗಳಲ್ಲಿ ನಿರ್ಧಾರವಾಗುತ್ತದೆ. ಆ ಹತ್ತು ನಿಮಿಷಗಳಲ್ಲಿ ಪಕ್ಕದಲ್ಲಿರುವವರು ವೈದ್ಯರಲ್ಲ, ಸಹೋದ್ಯೋಗಿಗಳು. ಆದ್ದರಿಂದ ಇದು ಆಸ್ಪತ್ರೆಗಳ ವಿಷಯವಾಗಿರುವಷ್ಟೇ ಅಂಗಡಿ, ಕಾರ್ಖಾನೆ, ಮಾರುಕಟ್ಟೆ ಪ್ರಾಂಗಣಗಳ ವಿಷಯವೂ ಆಗಿದೆ.

ಹೃದಯಾಘಾತವೇ ಬೇರೆ, ಹೃದಯಸ್ತಂಭನವೇ ಬೇರೆ

ಜನಸಾಮಾನ್ಯರ ಮಾತಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ನಾಳದಲ್ಲಿ ಅಡಚಣೆ ಉಂಟಾಗುವುದು. ರೋಗಿಗೆ ಎದೆನೋವು, ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಆತ ಪ್ರಜ್ಞೆಯಲ್ಲಿರುತ್ತಾನೆ, ಮಾತನಾಡುತ್ತಾನೆ. ಹೃದಯಸ್ತಂಭನವೆಂದರೆ ಹೃದಯದ ವಿದ್ಯುತ್ ವ್ಯವಸ್ಥೆಯೇ ಏರುಪೇರಾಗಿ ಅದು ರಕ್ತವನ್ನು ಪಂಪು ಮಾಡುವ ಕೆಲಸವನ್ನು ನಿಲ್ಲಿಸುವುದು. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ನಾಡಿ ನಿಲ್ಲುತ್ತದೆ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಕೊಳವೆಯ ದೋಷ, ಎರಡನೆಯದು ವಿದ್ಯುತ್ತಿನ ದೋಷ. ಕೊಳವೆ ಕಟ್ಟಿಕೊಂಡದ್ದರಿಂದಲೇ ವಿದ್ಯುತ್ ದೋಷ ಉಂಟಾಗುವುದೂ ಉಂಟು. ಹೃದಯಾಘಾತವು ಹೃದಯಸ್ತಂಭನಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ವಯಸ್ಸಿಗೆ ತಕ್ಕಂತೆ ಕಾರಣಗಳೂ ಬದಲಾಗುತ್ತವೆ. ಸುಮಾರು 35 ವರ್ಷ ದಾಟಿದವರಲ್ಲಿ ರಕ್ತನಾಳಗಳ ಕಾಯಿಲೆಯೇ ಪ್ರಧಾನ. ಅದಕ್ಕಿಂತ ಕಿರಿಯರಲ್ಲಿ ಹುಟ್ಟಿನಿಂದಲೇ ಬಂದ ಅಥವಾ ವಂಶಪಾರಂಪರ್ಯವಾದ ದೋಷಗಳಿಗೆ ಹೆಚ್ಚಿನ ಪಾಲಿದೆ: ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವುದು, ಹೃದಯದ ಲಯವನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿನ ಆನುವಂಶಿಕ ಕೊರತೆ, ರಕ್ತನಾಳವು ಅಸಹಜ ಸ್ಥಾನದಿಂದ ಹೊರಡುವುದು ಮುಂತಾದವು. ಸೋಂಕಿನಿಂದ ಹೃದಯದ ಸ್ನಾಯುವಿಗೆ ಉಂಟಾಗುವ ಉರಿಯೂತವೂ ಒಂದು ಕಾರಣ. ಕೈಗಾರಿಕೆಗಳಲ್ಲಿ ವಿದ್ಯುದಾಘಾತದಿಂದ ಸಂಭವಿಸುವ ಅನೇಕ ಸಾವುಗಳು ಕೂಡ ಹೃದಯದ ಲಯ ಕೆಟ್ಟು ಸಂಭವಿಸುವ ಸಾವುಗಳೇ.

ರಾಜ್ಯದ ಅನುಭವ

ಕರ್ನಾಟಕದ ಮಟ್ಟಿಗೆ ಈ ವಿಷಯ ಮನೆಮಾತಾದದ್ದು 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದಾಗ. ದೇಹದಾರ್ಢ್ಯಕ್ಕೆ ಹೆಸರಾಗಿದ್ದ ವ್ಯಕ್ತಿಯ ಸಾವು, ಆರೋಗ್ಯವಂತರಿಗೆ ಹೃದ್ರೋಗ ಬಾರದು ಎಂಬ ನಂಬಿಕೆಯನ್ನು ಅಲುಗಾಡಿಸಿತು. ಅನಂತರದ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ತಪಾಸಣೆಗಾಗಿ ಜನರ ಸಾಲು ಬೆಳೆಯಿತು. ಮುಂದೆ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡುವುದು ಈ ಯೋಜನೆಯ ಮುಖ್ಯಾಂಶ.

2025ರ ಮೇ ಅಂತ್ಯದಿಂದ ಸುಮಾರು 40 ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯ ಸಂಬಂಧಿ ಕಾರಣದಿಂದ ಮೃತಪಟ್ಟರೆಂಬ ವಾರ್ತೆ ಮತ್ತೊಮ್ಮೆ ಆತಂಕ ಹುಟ್ಟಿಸಿತು. ಜಯದೇವ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಸಾವುಗಳಿಗೂ ಹೃದಯಕ್ಕೂ ಸಂಬಂಧವಿರಲಿಲ್ಲ. ಉಳಿದವುಗಳಲ್ಲಿಯೂ ಎಲ್ಲದಕ್ಕೂ ಅನ್ವಯವಾಗುವ ಒಂದೇ ಕಾರಣ ಗೋಚರಿಸಲಿಲ್ಲ. ಮೃತರಲ್ಲಿ ಆಟೋ ಮತ್ತು ಕಾರು ಚಾಲಕರ ಪ್ರಮಾಣ ಗಣನೀಯವಾಗಿತ್ತು. ದೀರ್ಘಕಾಲ ಕುಳಿತೇ ಮಾಡುವ ಕೆಲಸ, ಹೊತ್ತಿಗೆ ಸರಿಯಾಗಿಲ್ಲದ ಊಟ, ನಿದ್ರೆಯ ಕೊರತೆ, ಹೊಗೆಸೊಪ್ಪಿನ ಬಳಕೆ ಈ ವೃತ್ತಿಯ ಸಂಗಾತಿಗಳು. ಈ ಪಟ್ಟಿಯನ್ನು ಓದುವ ಯಾವ ವರ್ತಕನಿಗೂ ಅದರಲ್ಲಿ ತನ್ನದೇ ದಿನಚರಿ ಕಾಣದಿರದು.

ಇದಾದ ಬಳಿಕ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡುವುದನ್ನೂ ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯಗೊಳಿಸುವ ನಿರ್ಧಾರವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು 2025ರ ಜುಲೈನಲ್ಲಿ ಪ್ರಕಟಿಸಿದರು. ದುಃಖದ ಗಳಿಗೆಯಲ್ಲಿ ಮರಣೋತ್ತರ ಪರೀಕ್ಷೆಗೆ ಕುಟುಂಬದವರು ಹಿಂಜರಿಯುವುದು ಸಹಜ. ಆದರೆ ಸಾವಿಗೆ ಆನುವಂಶಿಕ ದೋಷ ಕಾರಣವೆಂದು ತಿಳಿದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ತಪಾಸಣೆಗೆ ಒಳಪಡಿಸಿ ರಕ್ಷಿಸಬಹುದು. ವಿಮೆ ಮತ್ತು ಪರಿಹಾರದ ಹಕ್ಕುಸಾಧನೆಯಲ್ಲಿಯೂ ಆ ವರದಿಯೇ ಮುಖ್ಯ ದಾಖಲೆಯಾಗುತ್ತದೆ.

ಕಾರಣಗಳ ಲೆಕ್ಕಾಚಾರ

ಯುವಜನರ ಹಠಾತ್ ಸಾವಿಗೆ ಕೋವಿಡ್ ಲಸಿಕೆಯೇ ಕಾರಣವೆಂಬ ಮಾತು ವ್ಯಾಪಕವಾಗಿ ಹರಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷ ವಯಸ್ಸಿನ, ಮೇಲ್ನೋಟಕ್ಕೆ ಆರೋಗ್ಯವಂತರಾಗಿದ್ದು ಹಠಾತ್ತನೆ ಮೃತಪಟ್ಟವರ ಬಗ್ಗೆ 47 ಆಸ್ಪತ್ರೆಗಳ ಮೂಲಕ ಅಧ್ಯಯನ ನಡೆಸಿ 2023ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿತು. ಮೃತಪಟ್ಟ 729 ಮಂದಿಯ ವಿವರಗಳನ್ನು ಅದೇ ವಯೋಮಾನದ, ಅದೇ ಪರಿಸರದ 2,916 ಮಂದಿಯ ವಿವರಗಳೊಂದಿಗೆ ಹೋಲಿಸಲಾಯಿತು. ಲಸಿಕೆಯು ಹಠಾತ್ ಸಾವಿನ ಸಂಭವವನ್ನು ಹೆಚ್ಚಿಸಲಿಲ್ಲವೆಂದೂ, ಎರಡು ಡೋಸು ಪಡೆದವರಲ್ಲಿ ಆ ಸಂಭವ ಕಡಿಮೆಯಿತ್ತೆಂದೂ ತಿಳಿದುಬಂದಿತು. ಸಂಭವವನ್ನು ಹೆಚ್ಚಿಸಿದ ಅಂಶಗಳು ಬೇರೆಯೇ ಇದ್ದವು: ಹಿಂದೆ ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಅತಿಯಾದ ಮದ್ಯಪಾನ, ಮಾದಕ ವಸ್ತುಗಳ ಸೇವನೆ ಮತ್ತು ಅದೇ 48 ಗಂಟೆಗಳಲ್ಲಿ ಅತಿ ತೀವ್ರವಾದ ದೈಹಿಕ ಶ್ರಮ.

ಕೊನೆಯ ಅಂಶವನ್ನು ತಪ್ಪಾಗಿ ಅರ್ಥೈಸಿ ವ್ಯಾಯಾಮವನ್ನೇ ಬಿಟ್ಟವರಿದ್ದಾರೆ. ಅಪಾಯವಿರುವುದು ನಿತ್ಯದ ನಡಿಗೆಯಲ್ಲಿ ಅಲ್ಲ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದು ಒಂದು ದಿನ ಏಕಾಏಕಿ ಕ್ರಿಕೆಟ್ ಪಂದ್ಯಾವಳಿಗೋ ಭಾರ ಎತ್ತುವುದಕ್ಕೋ ಇಳಿಯುವುದರಲ್ಲಿ ಅಪಾಯವಿದೆ.

ರಕ್ತನಾಳಗಳ ಕಾಯಿಲೆಯ ಬಗ್ಗೆ ಇನ್ನೊಂದು ಮಹತ್ವದ ಅಧ್ಯಯನವೆಂದರೆ 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್. 52 ರಾಷ್ಟ್ರಗಳಲ್ಲಿ ನಡೆದ ಇದರ ನೇತೃತ್ವ ವಹಿಸಿದ್ದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್. ಧೂಮಪಾನ, ರಕ್ತದ ಕೊಬ್ಬು, ಅಧಿಕ ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ ಮೊದಲಾದ ಒಂಬತ್ತು ಅಳೆಯಬಲ್ಲ ಅಂಶಗಳೇ ಹೃದಯಾಘಾತದ ಅಪಾಯದ ಸುಮಾರು ಶೇ. 90ರಷ್ಟನ್ನು ವಿವರಿಸುತ್ತವೆ ಎಂದು ಅದು ತೋರಿಸಿಕೊಟ್ಟಿತು. ಇದೇ ಅಧ್ಯಯನದ ಮಾಹಿತಿಯನ್ನು ಆಧರಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ ಬಂದರೆ ಇತರ ದೇಶಗಳವರಿಗೆ ಸುಮಾರು 59ನೆಯ ವಯಸ್ಸಿಗೆ ಬರುತ್ತದೆ. 40 ವರ್ಷದೊಳಗಿನ ಹೃದ್ರೋಗಿಗಳ ಬಗ್ಗೆ ಜಯದೇವ ಸಂಸ್ಥೆ ನಡೆಸುತ್ತಿರುವ ಅಧ್ಯಯನದಲ್ಲಿಯೂ ಧೂಮಪಾನವು ಎದ್ದು ಕಾಣುವ ಅಂಶವಾಗಿದೆ.

ಇಷ್ಟಾಗಿಯೂ ಯಾವ ಅಪಾಯದ ಅಂಶವೂ ಇಲ್ಲದವರು ಕುಸಿದು ಬೀಳುವ ಪ್ರಸಂಗಗಳಿವೆ. ತಪಾಸಣೆಯು ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿಯಾಗಿ ನಿವಾರಿಸುವುದಿಲ್ಲ. ಆದ್ದರಿಂದಲೇ ಎರಡನೆಯ ರಕ್ಷಣಾ ಸಾಲು ಬೇಕಾಗುತ್ತದೆ.

ಮೊದಲ ಹತ್ತು ನಿಮಿಷ

ಹೃದಯಸ್ತಂಭನವಾದಾಗ ಎದೆಯೊತ್ತುವಿಕೆ ನಡೆಯದಿದ್ದಲ್ಲಿ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಉಳಿಯುವ ಸಾಧ್ಯತೆ ಅತ್ಯಲ್ಪ. ಕರ್ನಾಟಕದಲ್ಲಿ 2008ರಿಂದ ಸೇವೆಯಲ್ಲಿರುವ 108 ಆಂಬುಲೆನ್ಸ್ ಎಷ್ಟೇ ದಕ್ಷವಾಗಿದ್ದರೂ ಸಂಜೆಯ ವಾಹನ ದಟ್ಟಣೆಯಲ್ಲಿ ಹತ್ತು ನಿಮಿಷದೊಳಗೆ ಪ್ರತಿ ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲಲಾರದು. ಈ ಅಂತರವನ್ನು ತುಂಬುವ ವಿಧಾನವೇ ಸಿಪಿಆರ್ ಎಂದು ಕರೆಯಲಾಗುವ ಹೃದಯ ಪುನಶ್ಚೇತನ ಕ್ರಿಯೆ.

ಈ ವಿಧಾನದ ಹುಟ್ಟಿನಲ್ಲಿ ಕೈಗಾರಿಕೆಯ ಪಾತ್ರವಿದೆಯೆಂಬುದು ಗಮನಾರ್ಹ. ವಿದ್ಯುತ್ ಕಂಬಗಳ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳು ಆಘಾತಕ್ಕೊಳಗಾಗಿ ಸಾಯುತ್ತಿದ್ದುದರಿಂದ ಚಿಂತಿತವಾದ ಅಮೆರಿಕದ ವಿದ್ಯುತ್ ಉದ್ಯಮವು ಆ ಬಗ್ಗೆ ಸಂಶೋಧನೆಗೆ ಹಣ ಒದಗಿಸಿತು. ಆ ಸಂಶೋಧನೆಯಲ್ಲಿ ತೊಡಗಿದ್ದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಾಗಿರಲಿಲ್ಲ, ವಿದ್ಯುತ್ ಎಂಜಿನಿಯರ್ ಆಗಿದ್ದರು. ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತಸಂಚಾರ ಕಾಪಾಡಬಹುದೆಂದು 1960ರಲ್ಲಿ ಜಗತ್ತಿಗೆ ತಿಳಿಸಿದರು. ಎರಡು ಕೈಗಳಿದ್ದರೆ ಯಾರಾದರೂ ಎಲ್ಲಿಯಾದರೂ ಮಾಡಬಹುದಾದ ಕ್ರಿಯೆ ಇದು.

ಕ್ರಮ ಸರಳವಾಗಿದೆ. ಕುಸಿದುಬಿದ್ದ ವ್ಯಕ್ತಿಯ ಭುಜ ಅಲುಗಾಡಿಸಿ ಕೂಗಿದಾಗ ಪ್ರತಿಕ್ರಿಯೆಯಿಲ್ಲದೆ, ಉಸಿರಾಟ ನಿಂತಿದ್ದರೆ ಅಥವಾ ಸಹಜವಾಗಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯಭಾಗದಲ್ಲಿ ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಬಾಗಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆಯು ಪೂರ್ತಿ ಮೇಲೇಳಲು ಬಿಡಬೇಕು. ದಣಿವಾಗುವುದರಿಂದ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು.

ವಾಸ್ತವದಲ್ಲಿ ನಡೆಯುವುದೇನು? ಹೃದಯಸ್ತಂಭನವಾದವರಲ್ಲಿ ಮೊದಲು ಕೈಕಾಲುಗಳ ಸೆಳೆತ ಕಾಣಿಸಬಹುದು, ಗೊರಕೆಯಂಥ ಏದುಸಿರು ಕೇಳಿಸಬಹುದು. ಅದನ್ನು ಮೂರ್ಛೆರೋಗವೆಂದು ತಿಳಿದು ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹೊಯ್ಯುವುದು ನಡೆಯುತ್ತದೆ. ಉಸಿರಾಡುತ್ತಿದ್ದಾನೆಂದು ಸುತ್ತಲಿದ್ದವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಏದುಸಿರು ಉಸಿರಾಟವಲ್ಲ. ನೀರು ಶ್ವಾಸನಾಳಕ್ಕಿಳಿದರೆ ಅಪಾಯ ಹೆಚ್ಚುತ್ತದೆ. ಅಮೂಲ್ಯವಾದ ನಿಮಿಷಗಳು ಹೀಗೆಯೇ ವ್ಯರ್ಥವಾಗುತ್ತವೆ.

ಏರುಪೇರಾದ ಲಯವನ್ನು ಸರಿಪಡಿಸಲು ವಿದ್ಯುತ್ ಆಘಾತ ನೀಡುವ ಎಇಡಿ ಎಂಬ ಸ್ವಯಂಚಾಲಿತ ಉಪಕರಣವೂ ಬಳಕೆಗೆ ಬಂದಿದೆ. ಅದು ಧ್ವನಿಯ ಮೂಲಕ ಪ್ರತಿ ಹೆಜ್ಜೆಯನ್ನೂ ತಿಳಿಸುತ್ತದೆ. ಆಘಾತ ಅಗತ್ಯವಿಲ್ಲದವರಿಗೆ ಅದು ಆಘಾತ ನೀಡುವುದಿಲ್ಲ. ಅಮೆರಿಕದ ಕ್ಯಾಸಿನೋಗಳಲ್ಲಿ ಕಾವಲು ಸಿಬ್ಬಂದಿಗೆ ಇದರ ತರಬೇತಿ ನೀಡಿ ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಇಂಥ ಆಘಾತದಿಂದ ಸರಿಪಡಿಸಬಹುದಾದ ಲಯದೋಷ ಉಂಟಾಗಿದ್ದ 105 ಮಂದಿಯಲ್ಲಿ 56 ಮಂದಿ ಬದುಕಿ ಆಸ್ಪತ್ರೆಯಿಂದ ಮನೆಗೆ ಮರಳಿದರು. ಇತರರ ಕಣ್ಣೆದುರಿನಲ್ಲಿಯೇ ಕುಸಿದು, ಮೂರು ನಿಮಿಷದೊಳಗೆ ಆಘಾತ ಪಡೆದವರಲ್ಲಿ ಶೇ. 74ರಷ್ಟು ಮಂದಿ ಉಳಿದರೆ, ಮೂರು ನಿಮಿಷ ಮೀರಿದವರಲ್ಲಿ ಶೇ. 49ರಷ್ಟು ಮಂದಿ ಉಳಿದರು. ಅವರನ್ನು ಉಳಿಸಿದವರು ವೈದ್ಯರಲ್ಲ, ಬಾಗಿಲು ಕಾಯುವವರು.

ಎಇಡಿಯ ಬೆಲೆ ಮಾದರಿಗೆ ತಕ್ಕಂತೆ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಸಣ್ಣ ಘಟಕವೊಂದಕ್ಕೆ ಇದು ಹೊರೆಯೆನಿಸಬಹುದು. ಆದರೆ ಕೈಗಾರಿಕಾ ವಸಾಹತಿನ ಒಂದೇ ಅಡ್ಡರಸ್ತೆಯ 20 ಘಟಕಗಳು ಸೇರಿದರೆ ತಲಾ ರೂ. 5,000ದಲ್ಲಿ ಕೆಲಸ ಮುಗಿಯುತ್ತದೆ. ಪೀಣ್ಯ, ಬೈಕಂಪಾಡಿ, ಉದ್ಯಮಬಾಗ್‌ನಂಥ ವಸಾಹತುಗಳಿಗೂ ಯಶವಂತಪುರ, ಬ್ಯಾಡಗಿಯಂಥ ಮಾರುಕಟ್ಟೆ ಪ್ರಾಂಗಣಗಳಿಗೂ ಈ ಹಂಚಿಕೆಯ ಮಾರ್ಗ ಹೊಂದುತ್ತದೆ. ಉಪಕರಣವನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಪ್ರಯೋಜನವಿಲ್ಲ. ಹಗಲಿರುಳು ಕಾವಲಿರುವ, ಓಡಿದರೆ ಮೂರು ನಿಮಿಷದೊಳಗೆ ಹೋಗಿಬರಬಹುದಾದ ಸ್ಥಳದಲ್ಲಿರಬೇಕು. ಬ್ಯಾಟರಿ ಮತ್ತು ಎದೆಗೆ ಅಂಟಿಸುವ ಪಟ್ಟಿಗಳಿಗೆ ಅವಧಿಯಿರುವುದರಿಂದ ಅಗ್ನಿಶಾಮಕ ಸಿಲಿಂಡರಿನಂತೆ ಅದರ ತಪಾಸಣೆಗೂ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು.

ನೌಕರರ ಬಗೆಗಿನ ಹೊಣೆಗಾರಿಕೆ

ಕೆಲಸದ ವೇಳೆ ನೌಕರನೊಬ್ಬ ಹೃದಯ ನಿಂತು ಮೃತಪಟ್ಟರೆ ಮಾಲೀಕನು ಪರಿಹಾರ ನೀಡಬೇಕೇ ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಕೆಲಸದ ಸ್ಥಳದಲ್ಲಿ ಸಾವು ಸಂಭವಿಸಿತು ಎಂಬುದಷ್ಟೇ ಸಾಲದು, ಕೆಲಸದ ಒತ್ತಡಕ್ಕೂ ಸಾವಿಗೂ ಸಂಬಂಧವಿದೆಯೆಂದು ತೋರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಹೇಳಿತು. ಅನಂತರದ ಒಂದು ಪ್ರಕರಣದಲ್ಲಿ, ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರಕ್ಕೆ ಲಾರಿ ಚಲಾಯಿಸಿ, ಅಸ್ವಸ್ಥತೆ ಕಾಣಿಸಿಕೊಂಡಾಗ ವಾಹನವನ್ನು ರಸ್ತೆಬದಿಗೆ ನಿಲ್ಲಿಸಿ ಕುಸಿದು ಮೃತನಾದ ಚಾಲಕನ ಕುಟುಂಬಕ್ಕೆ ಪರಿಹಾರದ ಹಕ್ಕಿದೆ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ದೂರದ ಚಾಲನೆಯ ಶ್ರಮವೇ ಸಾವನ್ನು ತ್ವರಿತಗೊಳಿಸಿತು ಎಂಬುದು ಅದರ ತರ್ಕ. ಇವು 1923ರ ಕಾಯಿದೆಯಡಿಯ ತೀರ್ಪುಗಳು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಉಂಟಾದ ಅಪಘಾತ ಎಂಬ ಮೂಲತತ್ವ ಉಳಿದುಕೊಂಡಿದೆ. ಆದಕಾರಣ ಬಿಡುವಿಲ್ಲದೆ ಎರಡು ಪಾಳಿ ದುಡಿಸುವುದು, ನಿದ್ರೆಗೆಟ್ಟ ಚಾಲಕನನ್ನು ಮರುಪ್ರಯಾಣಕ್ಕೆ ಕಳುಹಿಸುವುದು ಮಾನವೀಯತೆಯ ಪ್ರಶ್ನೆ ಮಾತ್ರವಲ್ಲ, ಹಣಕಾಸಿನ ಹೊಣೆಯೂ ಹೌದು.

ಭವಿಷ್ಯನಿಧಿಯ ವ್ಯಾಪ್ತಿಯಲ್ಲಿರುವ ನೌಕರನು ಸೇವೆಯಲ್ಲಿದ್ದಾಗ ಯಾವ ಕಾರಣದಿಂದ ಮೃತಪಟ್ಟರೂ ಅದಕ್ಕೆ ಜೋಡಿಸಿದ ವಿಮಾ ಯೋಜನೆಯಡಿ ಕುಟುಂಬಕ್ಕೆ ಗರಿಷ್ಠ ರೂ. 7 ಲಕ್ಷದವರೆಗೆ ಮೊತ್ತ ದೊರೆಯುತ್ತದೆ. ವಂತಿಗೆ ಕಟ್ಟುತ್ತಿದ್ದರೂ ಈ ಸೌಲಭ್ಯದ ಅರಿವಿಲ್ಲದ ಮಾಲೀಕರು ಹಲವರಿದ್ದಾರೆ. ಔದ್ಯೋಗಿಕ ಸುರಕ್ಷತಾ ಸಂಹಿತೆಯು ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಹೊಣೆಯನ್ನೂ ಮಾಲೀಕರಿಗೆ ವಹಿಸಿದೆ. ಇದನ್ನು ಕಾಗದದ ಮೇಲಿನ ವಿಧಿಯಾಗಿಸದೆ ರಕ್ತದೊತ್ತಡ, ಸಕ್ಕರೆ, ಕೊಬ್ಬು ಹಾಗೂ ಇಸಿಜಿ ಪರೀಕ್ಷೆಗಳನ್ನು ನಡೆಸಿದರೆ ಖರ್ಚಿಗೆ ತಕ್ಕ ಫಲವಿದೆ.

ಮಾಲೀಕನೇ ಇಲ್ಲವಾದಾಗ

ಏಕಮಾಲೀಕತ್ವದ ಸಂಸ್ಥೆಗೆ ಮಾಲೀಕನಿಂದ ಪ್ರತ್ಯೇಕವಾದ ಅಸ್ತಿತ್ವ ಕಾನೂನಿನಲ್ಲಿಲ್ಲ. 42 ವರ್ಷದ ಮಾಲೀಕನೊಬ್ಬ, ಹತ್ತು ಮಂದಿ ಕೆಲಸಗಾರರು, ಬ್ಯಾಂಕಿನಿಂದ ರೂ. 40 ಲಕ್ಷದ ನಗದು ಸಾಲದ ಮಿತಿ, ಅದಕ್ಕೆ ಆಧಾರವಾಗಿ ವಾಸದ ಮನೆ ಎಂದು ಭಾವಿಸೋಣ. ತಿಂಗಳ 3ನೆಯ ತಾರೀಖು ಆತ ಮೃತಪಟ್ಟರೆ ಸಾವಿನ ಸುದ್ದಿ ತಿಳಿದ ಕೂಡಲೇ ಬ್ಯಾಂಕು ಖಾತೆಯ ವ್ಯವಹಾರವನ್ನು ನಿಲ್ಲಿಸುತ್ತದೆ. ಆತ ಸಹಿ ಮಾಡಿಕೊಟ್ಟ ಚೆಕ್ಕುಗಳು ಪಾವತಿಯಾಗುವುದಿಲ್ಲ. ಪತ್ನಿಗೋ ಗುಮಾಸ್ತನಿಗೋ ಕೊಟ್ಟಿದ್ದ ಅಧಿಕಾರಪತ್ರ ಆತನೊಂದಿಗೇ ಕೊನೆಗೊಳ್ಳುತ್ತದೆ. 7ರಂದು ಸಂಬಳ ಕೊಡಬೇಕು, 20ರಂದು ಜಿಎಸ್‌ಟಿ ವಿವರಣೆ ಸಲ್ಲಿಸಬೇಕು, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಬರಬೇಕಾದ ಬಾಕಿಗಳ ಲೆಕ್ಕ ಆತನ ನೆನಪಿನಲ್ಲಿ ಮಾತ್ರವಿದ್ದರೆ ಸಾಲಗಾರರು ತಾವಾಗಿ ಬಂದು ಹೇಳಲಾರರು. ಸೂತಕ ಕಳೆಯುವ ಮುನ್ನವೇ ವ್ಯಾಪಾರ ಕುಸಿಯುವುದು ಹೀಗೆ.

ಇದನ್ನು ತಡೆಯುವ ಕ್ರಮಗಳು ಕಷ್ಟಕರವಲ್ಲ. ಮೊದಲನೆಯದು ನಾಮನಿರ್ದೇಶನ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗಳಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು ಅವಕಾಶವಿದೆ. ಆದರೆ ನಾಮನಿರ್ದೇಶಿತನು ಹಣವನ್ನು ಪಡೆಯಲು ಅಧಿಕಾರವುಳ್ಳವನೇ ಹೊರತು ಅದರ ಅಂತಿಮ ಒಡೆಯನಲ್ಲ, ಒಡೆತನವನ್ನು ನಿರ್ಧರಿಸುವುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು. ಆದ್ದರಿಂದ ಉಯಿಲು ವೃದ್ಧಾಪ್ಯದ ದಾಖಲೆಯೆಂಬ ಭಾವನೆ ಸಲ್ಲದು. ಸಾಲ ಮಾಡಿ ವ್ಯಾಪಾರ ನಡೆಸುವ ಪ್ರತಿಯೊಬ್ಬನಿಗೂ ಅದು ಮೂವತ್ತರಲ್ಲಿಯೇ ಬೇಕು.

ಎರಡನೆಯದು ಜೀವವಿಮೆ. ವಿವಾಹಿತ ಪುರುಷನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ ತೆಗೆದುಕೊಂಡ ಪಾಲಿಸಿಯ ಹಣವನ್ನು ಆತನ ಸಾಲಗಾರರು ಮುಟ್ಟುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಈ ಆಯ್ಕೆಯನ್ನು ನಮೂದಿಸಬೇಕು. ಬ್ಯಾಂಕ್ ಸಾಲದಷ್ಟು ಮೊತ್ತದ ಅವಧಿ ವಿಮೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ವಾಸದ ಮನೆಯೂ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಹಾಗೂ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಮುಂದೂಡಲು ಇದ್ದ ಒಂದು ನೆಪವೂ ಇಲ್ಲವಾಗಿದೆ.

ಮೂರನೆಯದು ಸಂಸ್ಥೆಯ ಸ್ವರೂಪ. ಪಾಲುದಾರಿಕೆಯಲ್ಲಿ ಒಬ್ಬ ಪಾಲುದಾರನ ಮರಣದಿಂದ, ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ, ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದಲ್ಲಿ ಅಂಥ ಷರತ್ತೂ ಕೆಲಸಕ್ಕೆ ಬಾರದು, ಏಕೆಂದರೆ ಒಬ್ಬನೇ ಪಾಲುದಾರಿಕೆ ನಡೆಸಲಾರ. ಮೂರನೆಯ ಪಾಲುದಾರರಾಗಿ ಪತ್ನಿಯನ್ನೋ ಸೋದರನನ್ನೋ ಸೇರಿಸಿಕೊಳ್ಳುವುದು, ಅಥವಾ ಏಕವ್ಯಕ್ತಿ ಕಂಪನಿ ಸ್ಥಾಪಿಸಿ ನಾಮನಿರ್ದೇಶಿತರನ್ನು ಹೆಸರಿಸುವುದು ಪರಿಹಾರ ಮಾರ್ಗಗಳು. ಏಕಮಾಲೀಕತ್ವದ ವ್ಯಾಪಾರವನ್ನು ಉತ್ತರಾಧಿಕಾರಿ ಮುಂದುವರಿಸುವುದಾದರೆ ಹೊಸ ಜಿಎಸ್‌ಟಿ ನೋಂದಣಿ ಪಡೆದು, ಮೃತನ ಖಾತೆಯಲ್ಲುಳಿದ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬಹುದು. ಇದು ತಿಳಿಯದೆ ಆ ಜಮೆಯನ್ನೇ ಕಳೆದುಕೊಳ್ಳುವ ಸಂಭವವಿದೆ.

ನಾಲ್ಕನೆಯದು ಒಂದು ಹಾಳೆ. ಬ್ಯಾಂಕ್ ಖಾತೆಗಳು, ಸಾಲಗಳು, ವಿಮಾ ಪಾಲಿಸಿಗಳು, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳು, ಕೈಸಾಲಗಳು, ಲೆಕ್ಕಪರಿಶೋಧಕರ ಹಾಗೂ ವಕೀಲರ ದೂರವಾಣಿ ಸಂಖ್ಯೆ ಇಷ್ಟನ್ನು ಬರೆದು ಮನೆಯವರಲ್ಲಿ ಒಬ್ಬರಿಗೆ ತಿಳಿಸಿಡುವುದು. ಮೂರು ತಿಂಗಳಿಗೊಮ್ಮೆ ತಿದ್ದಿದರೆ ಸಾಕು. ಅಪಶಕುನವೆಂದು ಈ ಮಾತನ್ನು ತಳ್ಳಿಹಾಕುವವರು ಬೆಂಕಿ ವಿಮೆ ತೆಗೆದುಕೊಂಡಾಗ ಗೋದಾಮಿಗೆ ಬೆಂಕಿ ಬೀಳಲಿಲ್ಲವೆಂಬುದನ್ನು ನೆನೆಯಬೇಕು.

ಅಲಕ್ಷಿಸಬಾರದ ಸೂಚನೆಗಳು

ಶ್ರಮದ ನಡುವೆ ಕಣ್ಣು ಕತ್ತಲಿಟ್ಟು ಬೀಳುವುದು, ಕಾರಣವಿಲ್ಲದ ಎದೆಬಡಿತ, ಮೆಟ್ಟಿಲೇರುವಾಗ ಎದೆ ಬಿಗಿಯುವುದು, ರಕ್ತಸಂಬಂಧಿಗಳಲ್ಲಿ ಎಳೆಯ ಪ್ರಾಯದ ಹಠಾತ್ ಸಾವು ಇವುಗಳಲ್ಲಿ ಒಂದಿದ್ದರೂ ಹೃದ್ರೋಗ ತಜ್ಞರ ಬಳಿ ಹೋಗಬೇಕು. ಎದೆಯುರಿಯನ್ನು ಗ್ಯಾಸ್ಟ್ರಿಕ್ ಎಂದು ನಿರ್ಧರಿಸಿ, ಸೋಡಾ ಕುಡಿದು, ಅಂಗಡಿಯ ಬಾಗಿಲು ಹಾಕಿದ ಮೇಲೆ ನೋಡಿದರಾಯಿತೆಂದು ಕಾಯುವುದು ವರ್ತಕರಲ್ಲಿ ತೀರ ಸಾಮಾನ್ಯ. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ಮೊದಲ ಹೆಜ್ಜೆಯಾಗಿ ಒಂದು ಇಸಿಜಿ ಬೇಕು. ಅದಕ್ಕೆ ತಗಲುವ ವೆಚ್ಚ ಒಂದು ದಿನದ ಚಹಾ ತಿಂಡಿಯ ಲೆಕ್ಕಕ್ಕಿಂತ ಹೆಚ್ಚೇನಲ್ಲ. ಒಮ್ಮೆಯ ಇಸಿಜಿ ಸರಿಯಿದ್ದರೂ ನೋವು ಮುಂದುವರಿದರೆ ಮತ್ತೆ ತೋರಿಸಬೇಕು.

ವರ್ತಕ ಸಂಘಗಳೂ ಕೈಗಾರಿಕಾ ಸಂಘಗಳೂ ತೆರಿಗೆ ಕಾನೂನುಗಳ ಬಗ್ಗೆ ಪ್ರತಿವರ್ಷ ಕಾರ್ಯಾಗಾರಗಳನ್ನು ಏರ್ಪಡಿಸುತ್ತವೆ. ಅದೇ ಸಭಾಂಗಣದಲ್ಲಿ ವರ್ಷಕ್ಕೊಂದು ಅರ್ಧ ದಿನವನ್ನು ಸಿಪಿಆರ್ ತರಬೇತಿಗೆ ಮೀಸಲಿಡುವುದು ದೊಡ್ಡ ಕೆಲಸವಲ್ಲ. ಪ್ರತಿ ಸಂಸ್ಥೆಯಿಂದ ಇಬ್ಬರು ಬಂದು ಕಲಿತು ಹೋದರೆ, ಮುಂದೊಂದು ದಿನ ಲೇತ್ ಯಂತ್ರದ ಬದಿಯಲ್ಲಿಯೋ ತೂಕದ ಕಟ್ಟೆಯ ಮೇಲೆಯೋ ಯಾರಾದರೂ ಕುಸಿದುಬಿದ್ದಾಗ ಸುತ್ತ ನೆರೆದವರಲ್ಲಿ ಒಬ್ಬರಿಗಾದರೂ ಮುಂದೇನು ಮಾಡಬೇಕೆಂಬುದು ತಿಳಿದಿರುತ್ತದೆ.